ಬಲಗೈಯಲ್ಲಿ ಬಡಿಸಿದ ಸಾರು

ನನ್ನ ತಮ್ಮನ ಮಗಳಷ್ಟು ಸೌಮ್ಯ ಹುಡುಗಿ ಇಡೀ ಕೊಚ್ಚಿಯಲ್ಲಿ ಸಿಗಲಿಕ್ಕಿಲ್ಲ. ಜಿರಳೆ ಕಂಡರೆ ಪೊರಕೆ ಎತ್ತುವವಳಲ್ಲ. ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಅಂಗಳಕ್ಕೆ ಬಿಟ್ಟು ಬರುತ್ತಾಳೆ. ಮನುಷ್ಯರ ಮೂಗಿಗೆ ಗುದ್ದುವುದು ಮಾತ್ರ ಅವಳ ಪ್ರೊಫೆಷನ್!

ಹಗಲು ವಿಲ್ಲಿಂಗ್ಡನ್ ಐಲ್ಯಾಂಡಿನ ಶಿಪ್ಪಿಂಗ್ ಆಫೀಸು, ಸಂಜೆ ಬಾಕ್ಸಿಂಗ್. ಬೋಟಿಗೆ ಕ್ಯೂ ನಿಂತಾಗಲೂ ಕಾಲು ಸುಮ್ಮನಿರದು, ಹಿಂದೆ ಮುಂದೆ ಕುಣಿಯುತ್ತಲೇ ಇರುತ್ತದೆ. ಜನ ತಾವಾಗಿಯೇ ದಾರಿ ಬಿಡುತ್ತಾರೆ. ಕೊಚ್ಚಿಯ ಕ್ಯೂನಲ್ಲಿ ಇಂಥ ಮರ್ಯಾದೆ ಇನ್ಯಾರಿಗೆ ಸಿಕ್ಕಿದೆ, ಹೇಳಿ?

ನಾವು ಕಾಸರಗೋಡಿನವರು, ಮನೆಯಲ್ಲಿ ಕನ್ನಡವೇ. ಕೊಚ್ಚಿಯಲ್ಲಿ ಹುಟ್ಟಿದ ಇವಳಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಸಾಲದ್ದಕ್ಕೆ ಎಡಚಿ. ರಜೆಗೆ ತಿರುವನಂತಪುರದ ನನ್ನ ಮನೆಗೆ ಬಂದಾಗಲೆಲ್ಲ ನನ್ನದು ಒಂದೇ ರಾಗ: "ಬಲಗೈ, ಮಗೂ, ಬಲಗೈ!" ಉಣ್ಣುವುದು, ಕೊಡುವುದು, ಬಡಿಸುವುದು ಎಲ್ಲ ಬಲಗೈಯಲ್ಲೇ ಆಗಬೇಕಲ್ಲ? ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ನನ್ನ ಕರ್ಸಿವ್ ಅಕ್ಷರ ತೋರಿಸಿ, "ನೋಡು, ಡಿಸಿಪ್ಲಿನ್ ಅಂದ್ರೆ ಇದು" ಎನ್ನುತ್ತಿದ್ದೆ.

"ಶರಿ ಅತ್ತೆ," ಎನ್ನುತ್ತಿದ್ದಳು, ಎಡಗೈಯಲ್ಲಿ ತಲೆ ತುರಿಸಿಕೊಳ್ಳುತ್ತ.

ಬಾಕ್ಸಿಂಗಿನಲ್ಲಿ ಇಂಥವರಿಗೆ ಸೌತ್‌ಪಾ ಎಂಬ ಬಿರುದಂತೆ. ಬಲಗೈ ಮುಂದೆ, ಸಿಡಿಲಿನಂಥ ಎಡಗೈ ಹಿಂದೆ ಹೊಂಚು ಹಾಕಿರುತ್ತದೆ. ನಾನು ಗದರಿ ಅಡಗಿಸಿದ ಕೈಯೇ ಅವಳ ಬ್ರಹ್ಮಾಸ್ತ್ರ!

ಆದರೆ ತಿರುವನಂತಪುರದ ಪಂದ್ಯದಲ್ಲಿ ಆ ಅಸ್ತ್ರ ಬರೀ ಗಾಳಿಯನ್ನು ಕೊಂದಿತು. ಎದುರಾಳಿ ತಿರುವನಂತಪುರದ್ದೇ ಹುಡುಗಿ, ಭಾರೀ ಚಾಲಾಕಿ. ಎಡಗೈಗೆ ಸಿಗದಂತೆ ಇವಳ ಬಲಬದಿಗೇ ಸರಿದು ಸರಿದು, ಸುಸ್ತು ಮಾಡಿ ಗೆದ್ದಳು. ಸಂಘಟಕರು ಖಡಾಖಂಡಿತವಾಗಿ ಹೇಳಿಬಿಟ್ಟರು: ಕೊಚ್ಚಿಯಲ್ಲಿ ಇದೇ ಎದುರಾಳಿಯ ಜೊತೆ ಇನ್ನೊಂದು ಪಂದ್ಯ, ಅದನ್ನೂ ಸೋತರೆ ಮುಂದೆ ರಿಂಗ್ ಇಲ್ಲ, ಆಫೀಸು ಮಾತ್ರ.

ಮರುದಿನ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಊದಿದ ಕಣ್ಣಿಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಇವಳು ಸಾರು ಬಡಿಸಲು ನಿಂತಳು. ನನ್ನ ಕಟ್ಟಪ್ಪಣೆಯಂತೆ ಪಾತ್ರೆ ಎಡಗೈಯಲ್ಲಿ, ಸೌಟು ಬಲಗೈಯಲ್ಲಿ. ದಾಟಿಹೋದ ಎಲೆಯಿಂದ ಯಾರೋ "ಇಲ್ಲಿಗೆ ಸಾರು" ಎಂದರು. ಪಾದ ಕದಲಿಸದೆ, ಸೊಂಟ ಮಾತ್ರ ತಿರುಗಿಸಿ, ಬಲಗೈ ಬೀಸಿ ಬಡಿಸಿದಳು. ಬಡಿಸಿದವಳು ಹಾಗೆಯೇ ಕಲ್ಲಾಗಿ ನಿಂತಳು. ಸೌಟಿನಲ್ಲಿ ಉಳಿದದ್ದು ಪಕ್ಕದ ಎಲೆಯ ರಿಟೈರ್ಡ್ ರಾಕೆಟ್ ವಿಜ್ಞಾನಿಗಳ ಪಂಚೆಗೆ!

"ಟ್ರಾಜೆಕ್ಟರಿ ಸ್ವಲ್ಪ ತಪ್ಪಿತಮ್ಮ," ಎಂದರು ಪಾಪ, ಪಂಚೆ ಕೊಡವುತ್ತ.

ಇವಳಿಗೆ ಕೇಳಿಸಿದರೆ ತಾನೆ! "ಅತ್ತೇ, ಅವಳ್ ಇವಿಡೆಯಾ!" ಎಂದು ಕಿರುಚಿದಳು. ಆ ಎದುರಾಳಿ ಇಲ್ಲೇ, ಬಲಗಡೆ, ಸಾರು ಕೇಳುವ ಈ ಜಾಗದಲ್ಲೇ ಬಂದು ನಿಲ್ಲುತ್ತಾಳೆ ಎಂಬುದು ತಾತ್ಪರ್ಯ. ಅಂದು ಸಂಜೆಯೇ ನನ್ನ ಹಿತ್ತಾಳೆ ಸೌಟು ಅಭ್ಯಾಸಕ್ಕೆಂದು ಅವಳ ಬ್ಯಾಗಿನಲ್ಲಿ ಕೂತು ತಂಪಾನೂರು ಸ್ಟೇಷನ್ನಿನಲ್ಲಿ ರೈಲು ಹತ್ತಿತು.

ಕೊಚ್ಚಿಯ ಪಂದ್ಯಕ್ಕೆ ನಾನೂ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತೆ. ರಿಂಗ್ ಹತ್ತಿದ್ದೇ ಇವಳಿಗೆ ಕಲಿತದ್ದೆಲ್ಲ ಮರೆತುಹೋಯಿತು! ಮತ್ತೆ ಅದೇ ಎಡಗೈ, ಅದೇ ಗಾಳಿ. ಕೋಚ್ ಮಲಯಾಳದಲ್ಲಿ ಕೂಗಿದ್ದು ಎದುರಾಳಿಗೂ ಅರ್ಥವಾಗುತ್ತದೆ. ಬಲಗೈ ಬೀಸೆಂದು ಇವರು "ವಲತ್ತೇ ಕೈ" ಎಂದರೆ ಅವಳು ಆ ಕಡೆಯ ಕೆನ್ನೆ ಮುಚ್ಚುತ್ತಾಳೆ. ಒಂದೊಂದೇ ರೌಂಡ್ ಕೈಬಿಟ್ಟು ಹೋಯಿತು. ಇನ್ನು ಕೂತಿರಲು ನನ್ನಿಂದಾಗಲಿಲ್ಲ.

"ಸಾರು ಬಡಿಸು ಮಾರಾಯ್ತಿ! ಅಲ್ಲಿ ಎಲೆ ಖಾಲಿ ಉಂಟು, ಕಾಣುದಿಲ್ವಾ ನಿಂಗೆ?"

ಅಮ್ಮಚ್ಚಿಗೆ, ಅಂದರೆ ನನಗೆ, ಹಸಿವಾಗಿದೆ ಎಂದುಕೊಂಡು ಪಕ್ಕದ ಹುಡುಗಿ ಬಿಸ್ಕತ್ತು ಕೊಟ್ಟಳು. ಇಡೀ ಹಾಲ್‌ನಲ್ಲಿ ನನ್ನ ಮಾತು ಅರ್ಥವಾದದ್ದು ಒಬ್ಬಳಿಗೇ. ಅವಳು ಎಡಗೈಯನ್ನು ಸುಮ್ಮನೆ ಅಲುಗಿಸಿದಳು. ಎದುರಾಳಿ ವಾಡಿಕೆಯಂತೆ ಬಲಬದಿಗೆ ಸರಿದಳು. ಪಾದ ನೆಟ್ಟು, ಸೊಂಟ ತಿರುಗಿ, ಬಲಗೈ ಬಂತು... ಅಬ್ಬಾ! ನಾನು ಪ್ರತಿ ರಜೆಯಲ್ಲೂ ನೋಡಿದ್ದ ಕೈ ಅದು. ಅದರೊಳಗೆ ಇಷ್ಟು ಚೆಂದವಿತ್ತೆಂದು ಯಾರಿಗೆ ಗೊತ್ತಿತ್ತು? ಎದುರಾಳಿ ಕುಸಿದು ಕೂತು, ಎದ್ದಳು. ಮತ್ತೊಂದು ಸೌಟು! ರೆಫರಿ ನಡುವೆ ಬಂದು ಎರಡೂ ಕೈ ಅಡ್ಡ ಹಿಡಿದರು, ಪಂಕ್ತಿಯಲ್ಲಿ ಹೊಟ್ಟೆ ತುಂಬಿದವರು ಎಲೆಗೆ ಅಡ್ಡ ಹಿಡಿಯುವ ಹಾಗೆಯೇ.

ಗೆದ್ದವಳನ್ನು ನೋಡಲು ಒಳಗೆ ಹೋದೆ. ಬೆವರು, ಬ್ಯಾಂಡೇಜು, ಮುಂದೆ ಚಹಾ, ಬಿಸಿ ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ. ಒಂದು ಪಳಂಪೊರಿ ಎತ್ತಿ ನನ್ನತ್ತ ಚಾಚಿದಳು, ಎಡಗೈಯಲ್ಲಿ. ತಕ್ಷಣ ನೆನಪಾಗಿ, ಬಲಗೈಗೆ ಬದಲಾಯಿಸಹೊರಟಳು.

"ಇರಲಿ, ಅದರಲ್ಲೇ ಕೊಡು," ಎಂದು ನಾನೂ ಕೈ ಚಾಚಿದೆ. ಸಿಸ್ಟರ್ ರೂಲರ್ ಹಿಡಿದು ಡೆಸ್ಕಿನ ಕೆಳಗೆ ಓಡಿಸಿದ್ದ ಕೈ ಅದು. ಇಷ್ಟು ವರ್ಷ ಅಲ್ಲೇ ಅಡಗಿತ್ತು.

ಅವಳು ನನ್ನ ಎಡಗೈಯನ್ನೇ ನೋಡಿದಳು. ಆಮೇಲೆ, ಹುಟ್ಟಿದ ಮೇಲೆ ಮೊದಲ ಸಲ, ನನಗೆ ಕನ್ನಡದಲ್ಲಿ ಕೇಳಿದಳು:

"ಅತ್ತೆ, ನೀವೂ ಎಡಚಿಯಾ?"