ಗುಂಪಿನಲ್ಲಿ ನಿಲ್ಲದ ಅತ್ತೆ

ನಮ್ಮ ಸೋದರತ್ತೆಗೆ ವಯಸ್ಸೇ ಆಗಿಲ್ಲ ಕಣ್ರೀ, ಅರಸೀಕೆರೆಯಲ್ಲಿ ಲೈಟಿಂಗ್ ಸರಿಯಿಲ್ಲ, ಅಷ್ಟೆ! ಇದು ನನ್ನ ಮಾತಲ್ಲ, ದಿನಾ ಕನ್ನಡಿ ಒರೆಸುತ್ತಾ ಅವರೇ ಹೇಳೋದು.

ಅತ್ತೆ ಒಂದು ಕಾಲದ ಸಿನಿಮಾ ನಾಯಕಿ. ಎರಡೇ ಸಿನಿಮಾ, ಇರಲಿ, ನಾಯಕಿ ನಾಯಕಿಯೇ ತಾನೇ? ಮೂರನೆಯದರಲ್ಲಿ ಹೊಸ ಹುಡುಗಿಯ ಹಿಂದೆ ಕುಣಿಯೋ ಗುಂಪಿನಲ್ಲಿ ನಿಲ್ಲಿ ಅಂದರಂತೆ. "ಗುಂಪಲ್ಲಿ ನಿಲ್ಲೋ ಮುಖಾನೇನ್ರೀ ಇದು?" ಅಂತ ಕೇಳಿ, ಬಣ್ಣವನ್ನೂ ತೊಳೆಯದೆ ರೈಲು ಹತ್ತಿ ಬಂದುಬಿಟ್ಟರು. ಆಮೇಲೆ ಕೊಬ್ಬರಿ ವ್ಯಾಪಾರದ ನಮ್ಮ ಮಾವನನ್ನು ಮದುವೆಯಾದರು. ಸಿನಿಮಾದವರು ಮತ್ತೆ ಕರೆಯಲಿಲ್ಲ, ಅತ್ತೆ ನಾಯಕಿ ಕೆಲಸ ಬಿಡಲಿಲ್ಲ!

ಬಸ್ ಹತ್ತಿದರೆ ಮೆಟ್ಟಿಲ ಮೇಲೇ ನಿಂತು ಎಲ್ಲರ ಕಡೆ ಒಮ್ಮೆ ನೋಡಬೇಕು. ಒಂದು ಸಲ ಪಕ್ಕದ ಗಂಡಸಿ ಊರಿಗೆ ಹೋಗೋ ಬಸ್ಸಿನ ಕಂಡಕ್ಟರ್ "ಒಳಗ್ ಬನ್ನಿ ಅಮ್ಮಾ" ಅಂದ.

"ಎಂಟ್ರಿ ಕೆಟ್ಟರೆ ಸಿನಿಮಾನೇ ಕೆಡುತ್ತೆ, ಗೊತ್ತೇನಪ್ಪಾ?"

"ಸಿನಿಮಾದ್ದು ಗೊತ್ತಿಲ್ಲ, ಗಂಡಸಿ ಬಸ್ಸಂತೂ ಲೇಟಾಯ್ತದೆ!"

ನಮ್ಮಕ್ಕನ ಮದುವೆ ಆಲ್ಬಮ್ ನೋಡಬೇಕು ನೀವು. ಪ್ರತಿ ಗುಂಪು ಫೋಟೋದಲ್ಲೂ ನಟ್ಟನಡುವೆ ಅತ್ತೆ! ಮದುಮಗಳದ್ದು ಒಂದು ಕಡೆ ಬರೀ ಮೊಣಕೈ ಬಂದಿದೆ. ಅಕ್ಕ ಒಂದು ವರ್ಷ ಅತ್ತೆ ಜೊತೆ ಮಾತು ಬಿಟ್ಟಿದ್ದಳು.

ಈಗ ನನ್ನ ಕಥೆ. ನನಗೆ ಉಗ್ಗು. ಅದರಲ್ಲೂ 'ಹ' ಬಂದರೆ ಮುಗೀತು. ಇಂಥವಳಿಗೆ ಆಸೆ ಏನು ಗೊತ್ತೇ? ಹಳೇಬೀಡಿನಲ್ಲಿ ಹೊಯ್ಸಳರ ಕಥೆ ಹೇಳೋ ಗೈಡ್ ಆಗಬೇಕು! ಮನೆಯವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಮಾವನ ಗೋಡೌನಿಗೆ ಕರೆದೊಯ್ದು, ತೆಂಗಿನಕಾಯಿ ರಾಶಿಯ ಮುಂದೆ ನಿಲ್ಲಿಸಿದರು. "ಇವು ಎದ್ದು ಹೋಗಲ್ಲ ಕಣೇ. ಮೊದಲು ಉಸಿರು, ಆಮೇಲೆ ಮಾತು." ಆರು ತಿಂಗಳು ಕಾಯಿಗಳಿಗೆ ಇತಿಹಾಸ ಹೇಳಿದೆ.

ಗೈಡ್ ಕೆಲಸದ ಮೊದಲ ದಿನ. ಎದುರಿಗೆ ಮೂವತ್ತು ಜನ ಪ್ರವಾಸಿಗರು. "ಹ... ಹ..." ಅಷ್ಟೆ, ನಿಂತುಹೋಯಿತು. ಯಾರೋ ಕಿಸಕ್ಕೆಂದರು, ಒಬ್ಬರು ಬೇರೆ ಗೈಡನ್ನು ಹುಡುಕತೊಡಗಿದರು. ಕೆಲಸ ಹೋಯ್ತು ಅಂದುಕೊಂಡೆ. ಕಣ್ಣೀರು ಉದುರಬಾರದೆಂದು ತಲೆಯೆತ್ತಿ ಹಿಂದಿನ ಸಾಲಿನತ್ತ ನೋಡಿದೆ.

ಅಲ್ಲಿ ಒಬ್ಬ ಎತ್ತರದ ಮನುಷ್ಯನ ಬೆನ್ನ ಹಿಂದಿನಿಂದ ಇಣುಕುತ್ತಾ ಅತ್ತೆ! ಪೌಡರ್ ಇಲ್ಲ, ಲಿಪ್‌ಸ್ಟಿಕ್ ಇಲ್ಲ, ಹಳೇ ಹತ್ತಿ ಸೀರೆ, ತಲೆ ಮೇಲೆ ಸೆರಗು. ಯಾರೂ ತಮ್ಮತ್ತ ತಿರುಗದಂತೆ ನಿಂತಿದ್ದರು. ತುಟಿ ಮಾತ್ರ ಅಲುಗಿತು, "ಉಸಿರು."

ಉಸಿರೆಳೆದುಕೊಂಡೆ. "ಹೊಯ್ಸಳರು..." ಅಂದೆ. ಆಮೇಲೆ ಮಾತು ನಿಲ್ಲಲೇ ಇಲ್ಲ.

ಕೊನೆಗೆ ಎಲ್ಲರೂ ನನ್ನ ಜೊತೆ ಫೋಟೋಗೆ ನಿಂತರು. "ಅತ್ತೆ, ನಡುವೆ ಬನ್ನಿ" ಎಂದು ಕೈ ಹಿಡಿದೆಳೆದೆ. ಅವರು ಬಿಡಿಸಿಕೊಂಡರು. "ಇವತ್ತಿನ ನಾಯಕಿ ನೀನು ಕಣೇ. ನಾನು ಗುಂಪಲ್ಲೇ ಇರ್ತೀನಿ."

ಅತ್ತೆಯ ಈ ಋಣ ನಾನು ಹೇಗೆ ತೀರಿಸಲಿ? ಆ ಫೋಟೋ ನಮ್ಮ ನಡುಮನೆಯಲ್ಲಿದೆ. ಹಿಂದಿನ ಸಾಲಿನ ತುದಿಯಲ್ಲಿ, ಯಾರದೋ ಭುಜದ ಮರೆಯಲ್ಲಿ, ಅತ್ತೆಯದು ಬರೀ ಮೊಣಕೈ ಬಂದಿದೆ.