ಹೋಗಲೊಲ್ಲದ ಗುಲಾಬಿ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ. ಆ ಸೋಮವಾರ ಬೆಳಿಗ್ಗೆ ನನಗೆ ನನ್ನ ಮೇಲೆ ಸಂಪೂರ್ಣ ಭರವಸೆ ಇತ್ತು. ಇದನ್ನು ಮೊದಲೇ ದಾಖಲಿಸುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಯಾವ ಪುರಾವೆಯೂ ಉಳಿದಿರಲಿಲ್ಲ.

ನಮ್ಮ ಮನೆ ಇಳಕಲ್ಲಿನಲ್ಲಿದೆ. ಪಡಸಾಲೆಯಲ್ಲಿ ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಅದರಲ್ಲಿ ಸೀರೆ ನೇಯುವವಳು ನನ್ನ ಹೆಂಡತಿ ಶಂಕ್ರವ್ವ. ಹಿಂದೆ ನಾನೂ ನೇಯುತ್ತಿದ್ದೆ. ಆದರೆ ನಾನು ಎಸೆದ ಲಾಳಿ ಮಗ್ಗದೊಳಗೆ ನಿಲ್ಲುತ್ತಿರಲಿಲ್ಲ. ಒಮ್ಮೆ ಅದು ಹಾರಿ, ಚಹಾ ಕುಡಿಯುತ್ತಿದ್ದ ನನ್ನ ಮಾವನವರ ಹಣೆಗೆ ತಗುಲಿತು. ಅಂದೇ ನನ್ನನ್ನು ಪತ್ರವ್ಯವಹಾರ ವಿಭಾಗಕ್ಕೆ ವರ್ಗ ಮಾಡಲಾಯಿತು. ಆ ವಿಭಾಗದಲ್ಲಿ ಒಂದು ಕಂಪ್ಯೂಟರ್, ಒಂದು ಕುರ್ಚಿ ಮತ್ತು ನಾನು ಇದ್ದೇವೆ.

ಆರು ತಿಂಗಳ ಹಿಂದೆ, ಪತ್ರಗಳು ಚೆಂದ ಕಾಣಲಿ ಎಂದು ಇಮೇಲ್ ಪ್ರೋಗ್ರಾಮಿಗೆ ಒಂದು ಪ್ಲಗಿನ್ ಹಾಕಿದೆ. ಅದರ ಕೆಲಸ ಇಷ್ಟೇ: ನಾನು ಬರೆದ ಪ್ರತಿ ಪತ್ರದ ಕೆಳಗೆ ಒಂದು ಗುಲಾಬಿ ಅರಳಿಸಿ, 'ಸದಾ ನಗುತ್ತಿರಿ!' ಎಂದು ಹಾರೈಸುವುದು. ಗುಲಾಬಿ ಮೂರು ಸಲ ಮಿನುಗುತ್ತಿತ್ತು ಕೂಡ.

ಎಲ್ಲ ಸರಿಯಾಗಿಯೇ ನಡೆದಿತ್ತು. ಹುನಗುಂದದಲ್ಲಿ ನಮಗೆ ನೂಲು ಕೊಡುವ ವ್ಯಾಪಾರಿಯ ತಂದೆ ತೀರಿಕೊಂಡರು. ನಾನು ಕಣ್ಣು ಒದ್ದೆ ಮಾಡಿಕೊಂಡು ಸಂತಾಪ ಪತ್ರ ಬರೆದೆ, ಕಳಿಸಿದೆ. ಮರುದಿನ ಅವರು ಫೋನು ಮಾಡಿದರು.

"ಸಂಗಣ್ಣ, ನಿಮ್ಮ ಪತ್ರ ಬಂತ್ರಿ. ನೀವು ಹೇಳಿದಂಗ ಎಲ್ಲಾರೂ ನಗಾಕತ್ತೇವ್ರಿ."

ಅಂದೇ ಪ್ಲಗಿನ್ ತೆಗೆದುಹಾಕಿದೆ. ಅದು ಹೋಯಿತು. ಗುಲಾಬಿ ಹೋಗಲಿಲ್ಲ! ಪ್ಲಗಿನ್ ಹೋದರೂ ಅದರ ಅಳಿದುಳಿದ ಕಡತಗಳು ಒಳಗೇ ಉಳಿಯುತ್ತವೆಂದೂ, ಅವನ್ನು ಕೈಯಾರೆ ಹುಡುಕಿ ತೆಗೆಯಬೇಕೆಂದೂ ಎಲ್ಲೋ ಓದಿದೆ. ನಾಳೆ ತೆಗೆದರಾಯಿತು ಎಂದುಕೊಂಡೆ. ಹಾಗೆ ಎರಡು ತಿಂಗಳು ಅಂದುಕೊಂಡೆ.

ಆ ಸೋಮವಾರ ಬಾಗಲಕೋಟೆಯ ವಿದ್ಯಾಗಿರಿಯಿಂದ ಒಂದು ಪತ್ರ ಬಂತು. ಬರೆದವರು ಒಬ್ಬ ಶಿಕ್ಷಕಿ. ಮಗಳ ಮದುವೆಗೆ ಏಳು ಸೀರೆ ಬೇಕು. ನಡುವೆ ಯಾವ ಅಂಗಡಿಯೂ ಇಲ್ಲದೆ ಶಂಕ್ರವ್ವನ ಹೆಸರಿಗೇ ಬಂದ ಮೊದಲ ದೊಡ್ಡ ಕೆಲಸ ಅದು. ಆಕೆ ಮಗ್ಗದ ಕುಣಿಯಲ್ಲೇ ನೆಟ್ಟಗೆ ಕುಳಿತಳು.

"ಓದ್ರಿ. ಸಾವಕಾಶ ಓದ್ರಿ."

ಓದಿದೆ. ದೊಡ್ಡ ನಾದಿನಿಗೆ ಬದನೆ ಬಣ್ಣ. ಸಣ್ಣ ನಾದಿನಿಗೆ ಗಿಳಿ ಹಸಿರು. ಯಾವ ಕಾರಣಕ್ಕೂ ಇವೆರಡು ಅದಲುಬದಲಾಗಬಾರದು. ಹಿಂದಿನ ಮದುವೆಯಲ್ಲಿ ಅದಲುಬದಲಾಗಿ, ಒಬ್ಬರು ಊಟ ಮಾಡದೆ ಹೋಗಿದ್ದರು. ಹೀಗೆ ಏಳು ಹೆಂಗಸರು, ಏಳು ಬಣ್ಣ. ನಾನು ಓದುತ್ತಿದ್ದಂತೆ ಶಂಕ್ರವ್ವ ಕೈಯಲ್ಲಿ ಏನೋ ಮಾಡುತ್ತಿದ್ದಳು. ಆಕೆಯ ಕೈ ಎಂದೂ ಸುಮ್ಮನಿರುವುದಿಲ್ಲವಾದ್ದರಿಂದ ನಾನು ಗಮನಿಸಲಿಲ್ಲ. ಕೊನೆಯಲ್ಲಿ ಹೀಗಿತ್ತು: 'ಇಂದು ಸಂಜೆ ಐದರೊಳಗೆ ಏಳೂ ಬಣ್ಣ ತಿರುಗಿ ಬರೆದು ಒಪ್ಪಿಗೆ ಕೊಡಿ. ಇಲ್ಲವಾದರೆ ಬೇರೆಯವರಿಗೆ ಹೇಳುತ್ತೇನೆ. ಫೋನು ಬೇಡ, ನಂಬರೂ ಕೊಟ್ಟಿಲ್ಲ. ನಾದಿನಿಯರು ಮನೆಯಲ್ಲೇ ಇದ್ದಾರೆ.'

"ಈಗ ಬರೀರಿ ಮತ್ತ," ಎಂದಳು ಶಂಕ್ರವ್ವ.

"ಗುಲಾಬಿ ಇಟಕೊಂಡು ಬರೀಲೇನು? ಮಾಸ್ತರಬಾಯಿ ಏನಂದಾಳು? ಮೊದಲ ಅದನ್ನ ಸ್ವಚ್ಛ ಮಾಡತೇನಿ. ಹತ್ತು ನಿಮಿಷದ ಕೆಲಸ."

"ಹೂವಿದ್ರ ಇರವಲ್ದ್ಯಾಕ. ಮೊದಲ ಬರೀರಿ."

"ನಿನಗ ತಿಳ್ಯಾಂಗಿಲ್ಲ ಬಿಡು," ಎಂದೆ. ಈ ಮಾತನ್ನು ನಾನೇ ಆಡಿದೆ. ಒಪ್ಪಿಕೊಳ್ಳುತ್ತೇನೆ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ. ಆ ಗಡಿಯಾರ ಐದು ನಿಮಿಷ ಮುಂದಿದೆ. ಆದ್ದರಿಂದ ಹನ್ನೊಂದು ಐದು.

ಪ್ರೋಗ್ರಾಮ್ ಮುಚ್ಚಿ, ಅದರ ಕಡತಗಳಿರುವ ಜಾಗಕ್ಕೆ ಹೋದೆ. ಅಲ್ಲಿ ಇಪ್ಪತ್ಮೂರು ಫೋಲ್ಡರುಗಳಿದ್ದವು. ಯಾವುದರ ಮೇಲೂ ಗುಲಾಬಿ ಎಂದು ಬರೆದಿರಲಿಲ್ಲ. ಅವಸರದ ಮನುಷ್ಯನಾಗಿದ್ದರೆ ಕಂಡದ್ದನ್ನೆಲ್ಲ ಅಳಿಸುತ್ತಿದ್ದ. ನಾನು ನೇಕಾರರ ಮನೆಯವನು. ನಮ್ಮಲ್ಲಿ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನಲ್ಲಿ ದೋಷವಿರುವ ಎಳೆ ಕಂಡರೆ ಕೂಡಲೇ ಕತ್ತರಿಸುವುದಿಲ್ಲ. ಅಲ್ಲೊಂದು ಕೆಂಪು ನೂಲು ಕಟ್ಟುತ್ತೇವೆ. 'ಇಲ್ಲಿ ತಪ್ಪಿದೆ, ಈಗ ಮುಟ್ಟಬೇಡಿ, ಸೀರೆ ಮಗ್ಗದಿಂದ ಇಳಿದ ಮೇಲೆ ನೋಡೋಣ' ಎಂದು ಅದರ ಅರ್ಥ. ಕೆಂಪು ನೂಲಿರುವ ಎಳೆಯನ್ನು ಮನೆಯ ಬೆಕ್ಕೂ ಮುಟ್ಟುವುದಿಲ್ಲ.

ಕಂಪ್ಯೂಟರಿಗೆ ನೂಲು ಕಟ್ಟಲು ಬರುವುದಿಲ್ಲ. ಹಾಗಾಗಿ ಅನುಮಾನ ಬಂದ ಫೋಲ್ಡರುಗಳ ಹೆಸರಿನ ಹಿಂದೆ 'ತಪ್ಪು' ಎಂದು ಬರೆದೆ. ಒಂಬತ್ತಕ್ಕೆ ಬರೆದೆ. ಅವುಗಳಲ್ಲಿ ಒಂದರ ಹೆಸರು ಬಾಯಲ್ಲಿ ಹೇಳಲಿಕ್ಕೇ ಬರುವಂತಿರಲಿಲ್ಲ. ನಾಲ್ಕು ಅಕ್ಷರ, ಎರಡು ಅಂಕಿ, ಮತ್ತೆ ಅಕ್ಷರ. ಇಂಥ ಹೆಸರನ್ನು ಮರ್ಯಾದಸ್ಥ ಫೋಲ್ಡರು ಇಟ್ಟುಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ.

ನಮ್ಮ ಅಷ್ಟೂ ಪತ್ರಗಳು ಇದ್ದದ್ದು ಅದರಲ್ಲೇ!

ಪ್ರೋಗ್ರಾಮ್ ತೆರೆದೆ. ಅದು ನನ್ನನ್ನು ಹೊಸಬನಂತೆ ನೋಡಿತು. 'ಸ್ವಾಗತ. ನಿಮ್ಮ ಹೆಸರೇನು?' ಎಂದು ಕೇಳಿತು. ಎಂಟು ವರ್ಷದ ಪರಿಚಯ!

ಆಗಲೂ ಏನೂ ಹಾಳಾಗಿರಲಿಲ್ಲ. ಹೆಸರು ಮೊದಲಿನಂತೆ ಮಾಡಿದ್ದರೆ ಎಲ್ಲವೂ ಬರುತ್ತಿತ್ತು ಎಂದು ಈಗ ಗೊತ್ತಾಗಿದೆ. ಆಗ ನಾನು ಮಹಾಂತೇಶನನ್ನು ಕರೆದೆ. ಆತ ಪಕ್ಕದ ಮನೆಯವನು, ನನ್ನ ವಯಸ್ಸಿನವನು, ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟವನು. ಅವರ ಮನೆಯಲ್ಲಿ ಮಗ್ಗವಿಲ್ಲ. ಈ ಅಂಶ ಮುಖ್ಯ.

"ಅತ್ತಾಗ ಸರಿ ಲೇ," ಎಂದು ಕುಳಿತ. "ಹೋಗಿ ಚಹಾ ತಗೊಂಡು ಬಾ."

ನಾನು ಅಡುಗೆಮನೆಗೆ ಹೋಗಿ ಎರಡು ಕಪ್ ಚಹಾ ತಂದೆ. ಅಷ್ಟರಲ್ಲಿ ಆತ ಕೈ ಝಾಡಿಸಿ ನಿಂತಿದ್ದ.

"ಎಲ್ಲಾ ಸ್ವಚ್ಛ ಮಾಡೇನಿ ನೋಡು. ಒಂಬತ್ತೂ ಹೋದವು. ಕಸದ ಬುಟ್ಟೀನೂ ಖಾಲಿ ಮಾಡೇನಿ."

ಒಂದು ಕಪ್ ನನ್ನ ಕೈಯಿಂದ ಬಿತ್ತು. ಯಾವ ಕೈಯಿಂದ ಎಂಬುದು ನೆನಪಿಲ್ಲ.

"ಯಾರು ಅಳಸಂದ್ರೋ ನಿನಗ?"

"ನೀನ ಬರದೀಯಲ್ಲೋ ತಪ್ಪು ಅಂತ! ತಪ್ಪು ಇದ್ದದ್ದನ್ನ ಅಳಸದ ಪೂಜಿ ಮಾಡ್ತಾರೇನ್ಲೇ?"

"ತಪ್ಪು ಅಂದ್ರ ಮುಟ್ಟಬ್ಯಾಡ ಅಂತ ಅರ್ಥ!"

"ಯಾವ ಊರಾಗ?"

ಶಂಕ್ರವ್ವ ಮಗ್ಗದಿಂದಲೇ ಹೇಳಿದಳು: "ಇದ ಊರಾಗ, ಮಹಾಂತೇಶಣ್ಣ. ಆದ್ರ ಮಗ್ಗದಾಗ."

ಸೀರೆಯ ಪತ್ರ ಅಳಿಸಿಹೋಗಿತ್ತು. ನಮ್ಮದು ಹಳೆಯ ಪದ್ಧತಿ. ಪತ್ರ ನಮ್ಮ ಕಂಪ್ಯೂಟರಿಗೆ ಇಳಿದ ಮೇಲೆ ಇಮೇಲ್ ಕಂಪನಿಯವರಲ್ಲಿ ಪ್ರತಿ ಉಳಿಯುವುದಿಲ್ಲ. ಹಾಗಿರಲಿ ಎಂದು ಏರ್ಪಾಡು ಮಾಡಿದವನೂ ನಾನೇ. ಶಿಕ್ಷಕಿಯ ವಿಳಾಸವೂ ಅದರ ಜೊತೆಗೇ ಹೋಗಿತ್ತು.

ಮೂರೂವರೆಯವರೆಗೆ ಹೊಸದಾಗಿ ಖಾತೆ ಜೋಡಿಸಿದೆವು. ಪಾಸ್‌ವರ್ಡು ನನ್ನ ಹೆಂಡತಿಯ ತವರೂರಿನ ಹೆಸರು. ಮರೆಯುವ ಧೈರ್ಯ ನನಗಿಲ್ಲ. ನಾಲ್ಕು ಗಂಟೆಗೆ ಆ ಖಾಲಿ ಪೆಟ್ಟಿಗೆಗೆ ಒಂದೇ ಒಂದು ಪತ್ರ ಬಂದು ಬಿತ್ತು. ಶಿಕ್ಷಕಿಯದೇ! 'ಉತ್ತರ ಬರಲಿಲ್ಲ. ಇನ್ನೊಂದು ಗಂಟೆ ಕಾಯುತ್ತೇನೆ. ಏಳೂ ಬಣ್ಣ, ಯಾರಿಗೆ ಯಾವುದೆಂಬುದೂ ಸರಿಯಾಗಿರಲಿ.'

ವಿಳಾಸ ಸಿಕ್ಕಿತು. ಬಣ್ಣಗಳು? ನನಗೆ ಬದನೆ ಮತ್ತು ಗಿಳಿ ನೆನಪಿದ್ದವು. ಯಾರಿಗೆ ಯಾವುದು ಎಂಬುದು ಮಾತ್ರ ನೆನಪಿರಲಿಲ್ಲ. ಮತ್ತೆ ಕಳಿಸಿ ಎಂದರೆ ಪತ್ರ ಕಳೆದದ್ದು ಗೊತ್ತಾಗಿ, ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಮಹಾಂತೇಶ ಸಮಾಧಾನ ಹೇಳಿದ: "ಯಾವುದಾದರೂ ಹಾಕು. ಒಬ್ಬಾಕಿ ಊಟ ಬಿಡ್ತಾಳ, ಅಷ್ಟ ಅಲ್ಲೇನು?"

ನಾನು ಮಗ್ಗದ ಬಳಿ ಹೋಗಿ ನಿಂತೆ. ತಲೆ ತಗ್ಗಿತ್ತು.

"ಶಂಕ್ರವ್ವ, ನಿನ್ನ ಕೆಲಸ ಕಳದೇನಿ."

ಆಕೆ ನನ್ನನ್ನು ನೋಡಲಿಲ್ಲ. ಮಗ್ಗದ ಕಂಬ ತೋರಿಸಿದಳು. ಅಲ್ಲಿ ಒಂದು ದಾರಕ್ಕೆ ಏಳು ತುಂಡು ನೂಲು ಸಾಲಾಗಿ ನೇತಾಡುತ್ತಿದ್ದವು. ಹಾಸು ಮುಗಿದಾಗ ಉಳಿಯುವ ತುದಿಗಳನ್ನು ಆಕೆ ಎಂದೂ ಎಸೆಯುವುದಿಲ್ಲ. ನಾನು ಓದುತ್ತಿದ್ದಾಗ ಆ ತುಂಡುಗಳಿಂದಲೇ ಬಣ್ಣ ಆರಿಸಿ, ಹೇಳಿದ ಕ್ರಮದಲ್ಲಿ ಕಟ್ಟಿಕೊಂಡಿದ್ದಳು.

"ಬರಕೋರಿ. ಎರಡು ಗಂಟು ಹಾಕಿದ್ದು ದೊಡ್ಡ ನಾದಿನಿ, ಬದನಿ. ಒಂದು ಗಂಟು ಸಣ್ಣಾಕಿ, ಗಿಳಿ ಹಸರು. ಇದು ಬೀಗತಿ, ಅರಿಶಿಣ. ತಡೀರಿ, ಅವಸರ ಮಾಡಬ್ಯಾಡ್ರಿ. ಅವಸರ ಮಾಡಿದ್ದು ಸಾಕು."

ಏಳೂ ಬರೆದೆ. ನಾಲ್ಕು ಐವತ್ತೆರಡಕ್ಕೆ ಕಳಿಸುವ ಗುಂಡಿ ಒತ್ತಿದೆ. ಒತ್ತಿದ ಮೇಲೆ ಪತ್ರದ ಕೆಳಗೆ ಏನೋ ಮಿನುಗಿತು. ಮೂರು ಸಲ ಮಿನುಗಿತು.

'ಸದಾ ನಗುತ್ತಿರಿ!'

ಎಂಟು ವರ್ಷದ ಪತ್ರಗಳಲ್ಲಿ ಒಂದೂ ಉಳಿದಿರಲಿಲ್ಲ. ಗುಲಾಬಿ ಉಳಿದಿತ್ತು! ಅದು ಆ ಇಪ್ಪತ್ಮೂರು ಫೋಲ್ಡರುಗಳಲ್ಲಿ ಇರಲೇ ಇಲ್ಲ. ಬೇರೆಲ್ಲೋ ಹಾಯಾಗಿತ್ತು.

ಮಹಾಂತೇಶ ಚಪ್ಪಲಿ ಹುಡುಕತೊಡಗಿದ. ಐದಕ್ಕೆ ಒಂದು ನಿಮಿಷ ಇರುವಾಗ ಉತ್ತರ ಬಂತು: 'ಏಳೂ ಸರಿ. ನೇಯಲು ಶುರು ಮಾಡಿ. ಕೆಳಗಿನ ಆ ಗುಲಾಬಿ ನಮ್ಮ ಅತ್ತೆಯವರಿಗೆ ಬಹಳ ಹಿಡಿಸಿತು. ಅದೇ ಬಣ್ಣದ್ದು ಎಂಟನೆಯದೊಂದು ಅವರಿಗೂ ಇರಲಿ.'

ಶಂಕ್ರವ್ವ ಎದ್ದು ಬಂದು ಪರದೆಯ ಮೇಲಿನ ಗುಲಾಬಿಯನ್ನು ಹತ್ತಿರದಿಂದ ನೋಡಿದಳು. ನೂಲಿನ ತುಂಡುಗಳನ್ನು ಒಂದೊಂದಾಗಿ ಅದರ ಪಕ್ಕ ಹಿಡಿದು ನೋಡಿದಳು. ಆಮೇಲೆ ಹೇಳಿದಳು:

"ಈ ಹೂವು ನನ್ನ ಬಣ್ಣದ ಮಾದರಿ. ಸೀರಿ ಇಳಿಯೂತನಕಾ ಇದನ್ನ ಯಾರೂ ಮುಟ್ಟಬಾರದು."

ಯಾರೂ ಎನ್ನುವಾಗ ನನ್ನ ಮುಖವನ್ನೇ ನೋಡಿದಳು.

ಮರುದಿನ ಬೆಳಿಗ್ಗೆ ಪತ್ರವ್ಯವಹಾರ ವಿಭಾಗಕ್ಕೆ ಹೋದೆ. ಗುಲಾಬಿಯ ರಕ್ಷಣೆಗಾಗಿ ಆಕೆ ಎಲ್ಲಾದರೂ ಕೆಂಪು ನೂಲು ಕಟ್ಟಿರಬಹುದೆಂದು ಎಚ್ಚರಿಕೆಯಿಂದ ಹುಡುಕಿದೆ. ಕಂಪ್ಯೂಟರಿಗೆ ಕಟ್ಟಿರಲಿಲ್ಲ. ಮೌಸಿಗೂ ಇರಲಿಲ್ಲ.

ನನ್ನ ಕುರ್ಚಿಗೆ ಕಟ್ಟಿದ್ದಳು.

ಅದರ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ತಪ್ಪು ಇಲ್ಲಿದೆ, ಆದರೆ ಸದ್ಯಕ್ಕೆ ಕತ್ತರಿಸುವುದಿಲ್ಲ. ನಾನು ಆ ನೂಲನ್ನು ಮುಟ್ಟದೆ, ಸಾವಕಾಶವಾಗಿ ಕುಳಿತೆ. ಇನ್ನೂ ಎಂಟು ಸೀರೆ ಇಳಿಯಬೇಕಿದೆ. ಅಲ್ಲಿಯವರೆಗೆ ನನಗೇನೂ ಭಯವಿಲ್ಲ.