ರಾಜನ ಜಾಗದಲ್ಲಿ ಗುಲಾಬಿ ಮೊಲ

ಮೈಸೂರಿನ ನಮ್ಮತ್ತೆ ಮತ್ತು ಜಪಾನಿನ ಮುದ್ದು ಗೊಂಬೆಗಳ ಹುಚ್ಚು ಹಿಡಿದ ನನ್ನ ಮಗಳು ಒಂದೇ ಸೂರಿನಡಿ ಸೇರಿದರೆ ಸಾಕು, ನನಗೆ ಬೇರೆ ಮನರಂಜನೆ ಬೇಡ. ಈ ದಸರಾದಲ್ಲಂತೂ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

೧. ಕಣ್ಣು ಬಿಟ್ಟ ಬನ್ನು

ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುವ ಮಗಳು ರಜೆಗೆ ಸಿಡ್ನಿಯ ನಮ್ಮ ಗಿರಾವೀನ್ ಮನೆಗೆ ಬಂದಳು. ದಾರಿಯಲ್ಲಿ ಜಪಾನೀ ಬೇಕರಿಯಿಂದ ಅಜ್ಜಿಗೆಂದು ಕರಡಿ ಮುಖದ ಬನ್ನು ತಂದಿದ್ದಳು. ಅತ್ತೆ ತಟ್ಟೆ ದೂರ ತಳ್ಳಿದರು.

"ಅಜ್ಜಿ, ಇಟ್ಸ್ ವೆಜ್! ಮೊಟ್ಟೆನೂ ಇಲ್ಲ."

"ಇರಬಹುದು ಪುಟ್ಟಿ. ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿರೋದನ್ನ ಹೆಂಗೆ ತಿನ್ನಲಿ?"

ಸಂಜೆ ನೋಡಿದರೆ ಬನ್ನು ಮಾಯ. ತಟ್ಟೆಯಲ್ಲಿ ಎರಡು ಚಾಕಲೇಟ್ ಕಣ್ಣು ಮಾತ್ರ ಉಳಿದಿದ್ದವು.

೨. ರಾಣಿ ಪಾಸು, ರಾಜ ಫೇಲು

ಗೊಂಬೆ ಹಬ್ಬಕ್ಕೆಂದೇ ಅತ್ತೆ ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು, ಅಂದರೆ ಮರದ ರಾಜ-ರಾಣಿ ಜೋಡಿಯನ್ನು, ಮೈಸೂರಿನಿಂದ ಹೊತ್ತು ತಂದಿದ್ದರು. ಸಿಡ್ನಿ ಏರ್‌ಪೋರ್ಟಿನ ಆಫೀಸರ್ ರಾಜನ ಬೆನ್ನಲ್ಲಿ ಹುಳ ಕೊರೆದ ತೂತು ಕಂಡುಹಿಡಿದು, ಮದ್ದು ಹಾಕಿ ಆಮೇಲೆ ಕಳಿಸ್ತೀವಿ ಅಂತ ಇಟ್ಟುಕೊಂಡುಬಿಟ್ಟ.

ಹಬ್ಬದ ಮೊದಲ ದಿನ ಬಂತು, ರಾಜ ಬರಲಿಲ್ಲ. "ಮದುವೆಯಾದಾಗಿಂದ ಒಂದು ವರ್ಷಾನೂ ಜೋಡಿ ತಪ್ಪಿಸಿಲ್ಲ ಕಣೇ" ಅಂತ ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡರು. ಸಂಜೆ ಆರತಿಗೆ ಸಬರ್ಬಿನ ಆಂಟಿಯರೆಲ್ಲ ಬರುವವರಿದ್ದರು.

ಮಗಳು ರೂಮಿಗೆ ಹೋಗಿ, ತಾನು ದಿನಾ ತಬ್ಬಿಕೊಂಡು ಮಲಗುವ ಜಪಾನಿನ ಗುಲಾಬಿ ಮೊಲವನ್ನು ತಂದಳು. ಅದಕ್ಕೆ ಜರಿ ರಿಬ್ಬನ್ನಿನ ಪೇಟ ಸುತ್ತಿ ರಾಣಿಯ ಪಕ್ಕ ಕೂರಿಸಿದಳು. ಅಯ್ಯೋ, ಇವತ್ತು ರಾಮಾಯಣವೇ ಅಂದುಕೊಂಡೆ. ಅತ್ತೆ ಎದ್ದು ಬಂದು, ಮೊಲದ ಹಣೆಗೆ ಕುಂಕುಮ ಇಟ್ಟರು.

ಸಂಜೆ ಆಂಟಿಯೊಬ್ಬರು "ಇದ್ಯಾರಮ್ಮಾ?" ಅಂದಾಗ ಅತ್ತೆ ಗಂಭೀರವಾಗಿ ಹೇಳಿದರು: "ಜಪಾನ್ ಕಡೆ ಸಂಬಂಧ."

೩. ಬೀಗರ ಬೇಡಿಕೆ

ಮೂರನೇ ದಿನ ರಾಜ ಬಂದ. ಮಗಳು ಅವತ್ತೇ ಕ್ಲೇಟನ್‌ಗೆ ಹೊರಟಿದ್ದಳು, ಮೊಲ ಎತ್ತಿಕೊಳ್ಳಲು ಕೈ ಚಾಚಿದಳು.

"ಮುಟ್ಟಬೇಡ! ಪಟ್ಟಕ್ಕೆ ಕೂರಿಸಿದ ಮೇಲೆ ವಿಜಯದಶಮಿವರೆಗೂ ಎಬ್ಬಿಸಬಾರದು."

"ಬಟ್ ಅಜ್ಜಿ, ಅವನಿಲ್ದೆ ಐ ಕಾಂಟ್ ಸ್ಲೀಪ್!" ಇಪ್ಪತ್ತು ವರ್ಷದ ಕತ್ತೆಯ ಕಣ್ಣಲ್ಲಿ ನೀರು.

ಅತ್ತೆ ಮರದ ರಾಜನನ್ನು ಅವಳ ಬ್ಯಾಗಿಗೆ ತುರುಕಿದರು. "ಅಲ್ಲೀವರೆಗೂ ಇವನನ್ನ ತಬ್ಕೊಂಡು ಮಲಕ್ಕೋ."

ಎರಡು ದಿನ ಬಿಟ್ಟು ಫೋನ್ ಬಂತು. "ಅಜ್ಜಿ, ನನ್ನ ಜಪಾನೀಸ್ ಹೌಸ್‌ಮೇಟ್ ರಾಜನ್ನ ನೋಡಿ 'ಕವಾಯಿ, ಕವಾಯಿ' ಅಂತ ಕುಣೀತಿದಾಳೆ! ಅಂದ್ರೆ ಸೋ ಕ್ಯೂಟ್ ಅಂತ. ಅವಳಿಗೆ ಜೊತೆಗೆ ರಾಣಿನೂ ಬೇಕಂತೆ. ಕಳಿಸ್ತೀಯಾ?"

ಅತ್ತೆ ಗೊಂಬೆ ಮೆಟ್ಟಿಲ ಕಡೆ ಒಮ್ಮೆ ನೋಡಿದರು.

"ಆಗಲ್ಲ ಅಂತ ಹೇಳು ಪುಟ್ಟಿ. ರಾಣಿ ಮೊಲಕ್ಕೆ ಹೊಂದ್ಕೊಂಡುಬಿಟ್ಟಿದ್ದಾಳೆ."